ಕರೆದಾಗ ಬರಬೇಕಾದ ಭಾಗ

ದನದ ಡಾಕ್ಟರರ ಗಾಡಿಗೆ ಪ್ರೋಗ್ರಾಂ ಬರೆಯುವುದು ನನ್ನ ಕೆಲಸವಾಗಿತ್ತು ಎಂದರೆ ಇಂಡಿ ಪಟ್ಟಣದ ನಮ್ಮ ಓಣಿಯಲ್ಲಿ ಈಗಲೂ ಕೆಲವರಿಗೆ ತಿಳಿಯುವುದಿಲ್ಲ. ನಾನು ಗಾಡಿ ಓಡಿಸುತ್ತಿದ್ದೆ ಎಂದುಕೊಂಡವರಿದ್ದಾರೆ. ಎಮ್ಮೆಗೆ ಸೂಜಿ ಮಾಡುತ್ತಿದ್ದೆ ಎಂದುಕೊಂಡು, ತಮ್ಮ ಎಮ್ಮೆ ಹಾಲು ಕಡಿಮೆ ಕೊಡುತ್ತಿದೆಯೆಂದು ಬಾಗಿಲಿಗೆ ಬಂದು ನಿಂತವರೂ ಇದ್ದಾರೆ. ಅವರನ್ನು ಚಹಾ ಕುಡಿಸಿ ಕಳಿಸಿದ್ದೇನೆ. ಈಗ ನಿವೃತ್ತಳಾದ ಮೇಲೆ, ನನ್ನ ಜಾಗಕ್ಕೆ ಬಂದಿರುವ ಸುಜಾತಾ ಒಂದು ಕೆಲಸ ಹಚ್ಚಿದ್ದಾಳೆ. ಹೊಸದಾಗಿ ಸೇರಿದ ಹುಡುಗ ಹುಡುಗಿಯರು ಕಾಲೇಜಿನಲ್ಲಿ ಚೆನ್ನಾಗಿ ಕಲಿತು ಬಂದಿದ್ದಾರೆ, ಆದರೆ ತಾವು ಬರೆದದ್ದು ಹೊಲದಲ್ಲಿ ಏನಾಗುತ್ತದೆಂದು ಅವರಿಗೆ ಗೊತ್ತಿಲ್ಲ, ನೀವೇ ಬರೆದುಕೊಡಬೇಕು ಎಂದಳು. ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ನನಗೆ ಯಾವಾಗ ಯಾವ ಹುದ್ದೆ ಸಿಕ್ಕಿತು ಎಂಬುದನ್ನು ಬಿಟ್ಟಿದ್ದೇನೆ. ಅದರಿಂದ ಯಾರಿಗೂ ಉಪಯೋಗವಿಲ್ಲ.

ನಮ್ಮದು ಸಣ್ಣ ಸೇವಾಸಂಸ್ಥೆ. ಇಂಡಿಯಲ್ಲಿ ಕಚೇರಿ, ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ತಾಲ್ಲೂಕುಗಳಿಗೆ ಒಂದೊಂದು ಗಾಡಿ. ಗಾಡಿಯಲ್ಲಿ ಒಬ್ಬ ಡಾಕ್ಟರು, ಒಬ್ಬ ಡ್ರೈವರು, ಔಷಧಿಯ ಪೆಟ್ಟಿಗೆಗಳು, ಜೊತೆಗೆ ಒಂದು ಟ್ಯಾಬು. ಆ ಟ್ಯಾಬಿನೊಳಗಿನದು ನನ್ನ ಪಾಲಿನ ಕೆಲಸ. ಸಂಸ್ಥೆಯನ್ನು ನಡೆಸುತ್ತಿದ್ದವರು ಕುಲಕರ್ಣಿ ಸಾಹೇಬರು. ಅವರೇ ಪಶುವೈದ್ಯರಾಗಿ ದುಡಿದು, ಮುಪ್ಪಿನಲ್ಲಿ ಸುಮ್ಮನೆ ಕೂರಲಾಗದೆ ಇದನ್ನು ಕಟ್ಟಿದವರು. ನಾನು ಕಾಲೇಜಿನಲ್ಲಿ ಗಣಿತ ಕಲಿಸುತ್ತಿದ್ದವಳು. ಪ್ರೋಗ್ರಾಂ ಬರೆಯುವುದನ್ನು ಸ್ವಂತವಾಗಿ, ಸಾಕಷ್ಟು ತಡವಾಗಿ ಕಲಿತಿದ್ದೆ. ಸಂದರ್ಶನದಲ್ಲಿ ಅವರು ಕಂಪ್ಯೂಟರಿನ ಬಗ್ಗೆ ಏನೂ ಕೇಳಲಿಲ್ಲ. ಹಲಸಂಗಿಯಲ್ಲಿ ನಮ್ಮ ತವರಿನವರಿಗೆ ಎಷ್ಟು ದನ ಇದ್ದವು, ಅವುಗಳ ಹೆಸರೇನು ಎಂದು ಕೇಳಿದರು. ನಾನು ಹೆಸರು ಹೇಳುತ್ತ ಹೋದೆ. ಕೆಲಸ ಸಿಕ್ಕಿತು.

ಮೊದಮೊದಲು ಪ್ರೋಗ್ರಾಂ ಸಣ್ಣದಿತ್ತು. ಆಕಳು, ಎಮ್ಮೆ, ಕುರಿ, ಮೇಕೆಗಳ ಚಿಕಿತ್ಸೆ ಮತ್ತು ಔಷಧಿಯ ಪ್ರಮಾಣ, ಅಷ್ಟೇ. ಆಮೇಲೆ ಬೇಡಿಕೆಗಳು ಬಂದವು. ಕೋಳಿಗೂ ಒಂದು ಭಾಗ ಬೇಕೆಂದರು. ಬಾಗೇವಾಡಿ ಕಡೆಯವರು ಮೀನು ಸಾಕಣೆ ಸೇರಿಸಿ ಎಂದರು. ಮೇವಿನ ಲೆಕ್ಕ, ಲಸಿಕೆಯ ನೆನಪೋಲೆ, ಹೆರಿಗೆಯ ತೊಂದರೆ, ವಿಷಬಾಧೆ, ನಕಾಶೆ ಎಲ್ಲವೂ ಸೇರಿದವು. ಕೇಳಿದವರಿಗೆಲ್ಲ ನಾನು ಹೂಂ ಎಂದೆ, ಯಾಕೆಂದರೆ ಕೇಳಿದ್ದರಲ್ಲಿ ಬೇಡವಾದದ್ದು ಯಾವುದೂ ಇರಲಿಲ್ಲ. ಆದರೆ ಪ್ರೋಗ್ರಾಂ ತೆರೆದ ಕೂಡಲೇ ಇಷ್ಟೂ ಭಾಗಗಳನ್ನು ಒಟ್ಟಿಗೆ ಮೆಮೊರಿಗೆ ಎಳೆದುಕೊಳ್ಳುವಂತೆ ಬರೆದಿದ್ದೆ. ಟ್ಯಾಬುಗಳು ಹಳೆಯವು, ಅಗ್ಗದವು. ಬಿಸಿಲಿಗೆ ಕಾದು ಆಗಾಗ ತಾವೇ ಆರಿಹೋಗುತ್ತಿದ್ದವು. ಪ್ರತಿ ಸಲವೂ ಮೊದಲಿನಿಂದ ತೆರೆಯಬೇಕು, ಪ್ರತಿ ಸಲವೂ ಕಾಯಬೇಕು.

ಸಿಂದಗಿ ಗಾಡಿಯ ಡಾಕ್ಟರು ಮಹಾದೇವಿ ಆಗ ಹೊಸಬಳು. ಒಂದು ದಿನ ಒಂದು ಎಮ್ಮೆಯ ಮುಂದೆ ಟ್ಯಾಬು ಹಿಡಿದು ನಿಂತಿದ್ದಾಳೆ. ಪರದೆಯ ಮೇಲೆ ಸಣ್ಣ ಚಕ್ರ ತಿರುಗುತ್ತಿದೆ. ಎಮ್ಮೆಯ ಯಜಮಾನಿ ಮುದುಕಿ ಬಹಳ ಹೊತ್ತು ನೋಡಿ, ‘ಯವ್ವಾ, ಮೊದಲ ಅದಕ್ಕ ಒಂದು ಸೂಜಿ ಮಾಡು. ನಮ್ಮ ಎಮ್ಮಿಗಿಂತ ಅದಕ್ಕ ಜ್ವರ ಜಾಸ್ತಿ ಐತಿ’ ಎಂದಳಂತೆ. ಅಂದಿನಿಂದ ಮಹಾದೇವಿ ಹೊಲದಲ್ಲಿ ಟ್ಯಾಬು ತೆಗೆಯುವುದನ್ನೇ ಬಿಟ್ಟಳು. ಸಂಜೆ ಮನೆಗೆ ಹೋಗಿ ಎಲ್ಲವನ್ನೂ ಒಮ್ಮೆಗೇ ತುಂಬುತ್ತಿದ್ದಳು. ಉಳಿದ ಡಾಕ್ಟರುಗಳು ಅದಕ್ಕೂ ಮೊದಲೇ ಬಿಟ್ಟಿದ್ದರು, ಹೇಳಿರಲಿಲ್ಲ ಅಷ್ಟೇ.

ವಿಷಯ ತಿಳಿದಾಗ ನಾನು ಸಾಹೇಬರ ಮುಂದೆ ಹೊಸ ಟ್ಯಾಬುಗಳ ಮಾತು ಎತ್ತಿದೆ. ಅವರು ಟ್ಯಾಬಿನ ಮಾತನ್ನು ಬದಿಗಿಟ್ಟರು. ನಾಳೆಯಿಂದ ಒಂದು ವಾರ ಮಹಾದೇವಿಯ ಗಾಡಿಯಲ್ಲಿ ಹೋಗಿ ಬನ್ನಿ ಎಂದರು. ನನಗೆ ಸಿಟ್ಟು ಬಂತು. ಕಂಪ್ಯೂಟರಿನ ಮುಂದೆ ಕೂತು ಮಾಡುವ ಕೆಲಸಕ್ಕೆ ಗಾಡಿಯಲ್ಲಿ ಯಾಕೆ ಅಲೆಯಬೇಕು ಎಂದುಕೊಂಡೇ ಹೋದೆ. ನನಗೆ ಸಿಕ್ಕ ಪಾಠಗಳಲ್ಲಿ ಅದಕ್ಕಿಂತ ದೊಡ್ಡದು ಇನ್ನೊಂದಿಲ್ಲ. ಒಂದು ವಾರದಲ್ಲಿ ನಾನು ಕಂಡದ್ದು ಇಷ್ಟು: ಮಹಾದೇವಿ ಒಂದು ದನದ ಮುಂದೆ ನಿಂತಾಗ ಅವಳಿಗೆ ಬೇಕಾದದ್ದು ಒಂದೇ ಒಂದು ಭಾಗ. ಕೋಳಿಯ ಭಾಗವನ್ನು ಆ ವಾರವಿಡೀ ಅವಳು ಮುಟ್ಟಲಿಲ್ಲ. ಮೀನು ಸಿಂದಗಿಯ ಆ ಹಳ್ಳಿಗಳಲ್ಲಿ ಯಾರ ಹತ್ತಿರವೂ ಇರಲಿಲ್ಲ. ಆದರೂ ಪ್ರತಿ ಎಮ್ಮೆಯ ಮುಂದೆಯೂ ಅವಳು ಕೋಳಿಗಾಗಿ, ಮೀನಿಗಾಗಿ ಕಾಯುತ್ತಿದ್ದಳು.

ತಿರುಗಿ ಬಂದು ಹೇಳಿದಾಗ ಸಾಹೇಬರು ನಕ್ಕರು. ‘ಗಂಗಾಬಾಯಾರ, ನಾವು ಒಂದು ಆಕಳಾ ನೋಡೂದಕ್ಕ ಗಾಡ್ಯಾಗಿನ ಎಲ್ಲಾ ಪೆಟ್ಟಿಗಿ ಇಳಸ್ತೇವೇನ್ರಿ? ಯಾವ್ದು ಬೇಕೋ ಅದನ್ನ ಇಳಸ್ತೇವಿ’ ಎಂದರು. ಅವರಿಗೆ ಇದು ಮೊದಲೇ ಹೊಳೆದಿತ್ತೆಂದು ಕಾಣುತ್ತದೆ. ನಾನೇ ಕಂಡುಕೊಳ್ಳಲಿ ಎಂದು ಕಳಿಸಿದ್ದರು. ಆ ದೊಡ್ಡತನಕ್ಕೆ ನಾನು ಇಂದಿಗೂ ಋಣಿ.

ಆಮೇಲೆ ನಾನು ಮಾಡಿದ ಕೆಲಸ ಹೊಸಬರಿಗೆಲ್ಲ ಗೊತ್ತಿರುವಂಥದೇ. ಮುಖ್ಯ ಪ್ರೋಗ್ರಾಂ ತೆರೆದಾಗ ಪ್ರತಿ ಭಾಗದ ಹೆಸರು ಮತ್ತು ಅದು ಇರುವ ಜಾಗ ಮಾತ್ರ ಅದಕ್ಕೆ ಗೊತ್ತಿರುತ್ತದೆ. ಆ ಭಾಗದೊಳಗಿನ ಯಾವುದಾದರೂ ಫಂಕ್ಷನ್ನನ್ನು ಮೊದಲ ಸಲ ಕರೆದಾಗ, ಕರೆಯನ್ನು ಒಂದು ಕ್ಷಣ ತಡೆದು, ಭಾಗವನ್ನು ಮೆಮೊರಿಗೆ ತಂದು, ಅನಂತರ ಕರೆಯನ್ನು ಒಳಗೆ ಬಿಡುವುದು. ಎರಡನೆಯ ಸಲ ಕರೆಯುವಾಗ ಅದು ಆಗಲೇ ಬಂದು ಕೂತಿರುತ್ತದೆ. ಹೇಳಲು ಸುಲಭ. ಮಾಡಲು ಹೋದಾಗ ಕುರಿಯ ಭಾಗವನ್ನು ಕರೆದರೆ ಅದರ ಹಿಂದೆ ಆಕಳ ಭಾಗವೂ ಬರುತ್ತಿತ್ತು, ಆಕಳ ಹಿಂದೆ ಮೇವು, ಮೇವಿನ ಹಿಂದೆ ಮತ್ತೆ ಎಲ್ಲವೂ. ಪ್ರಾಣಿಯ ತೂಕ ಅಂದಾಜು ಮಾಡುವ ಸಣ್ಣ ಫಂಕ್ಷನ್ನನ್ನು ಯಾವತ್ತೋ ಆಕಳ ಭಾಗದೊಳಗೆ ಬರೆದಿಟ್ಟಿದ್ದೆ, ಉಳಿದ ಭಾಗಗಳೆಲ್ಲ ಅದನ್ನೇ ಹುಡುಕಿಕೊಂಡು ಹೋಗುತ್ತಿದ್ದವು. ಅಂಥವನ್ನೆಲ್ಲ ಬಿಡಿಸಿ ಬೇರೆ ಇಡುವುದಕ್ಕೇ ಹೆಚ್ಚು ಕಾಲ ಹಿಡಿಯಿತು. ಭಾಗಗಳನ್ನು ತಡವಾಗಿ ತರಬೇಕೆಂದರೆ ಮೊದಲು ಅವು ನಿಜವಾಗಿ ಬೇರೆ ಬೇರೆಯಾಗಿರಬೇಕು. ಇದನ್ನು ಯಾರೂ ಮೊದಲೇ ಹೇಳುವುದಿಲ್ಲ, ಹಾಗಾಗಿ ನಾನು ಹೇಳುತ್ತಿದ್ದೇನೆ.

ಹೊಸದನ್ನು ಹಾಕಿದ ದಿನ ಮಹಾದೇವಿ ಸಿಂದಗಿಯಿಂದ ಫೋನು ಮಾಡಿದಳು. ಟ್ಯಾಬು ಕೈಗೆ ತೆಗೆದುಕೊಂಡು ಎಮ್ಮೆಯ ಹತ್ತಿರ ಹೋಗುವಷ್ಟರಲ್ಲಿ ತೆರೆದಿತ್ತಂತೆ. ಚಲೋ ಆತ್ರಿ ಅಕ್ಕಾರ ಎಂದಳು. ನನಗೆ ಅಷ್ಟು ಸಾಕಾಗಿತ್ತು.

ಅದೇ ಹುರುಪಿನಲ್ಲಿ ಇನ್ನೊಂದು ಹೆಜ್ಜೆ ಮುಂದೆ ಹೋದೆವು. ಹೇಗೂ ಬೇಕಾದಾಗ ತಾನೇ ತರುವುದು, ಅಪರೂಪದ ಭಾಗಗಳನ್ನು ಟ್ಯಾಬಿನಲ್ಲಿ ಯಾಕೆ ಇಡಬೇಕು, ಕಚೇರಿಯ ಸರ್ವರಿನಲ್ಲಿ ಇದ್ದರೆ ಸಾಕಲ್ಲ ಎಂದುಕೊಂಡೆವು. ಮುದ್ದೇಬಿಹಾಳ ಗಾಡಿ ಹೊಳೆಯ ಹಿನ್ನೀರಿನ ಕಡೆಯ ಹಳ್ಳಿಗೆ ಹೋದ ಮೊದಲ ದಿನವೇ ಸಿಗ್ನಲ್ ಇಲ್ಲದೆ ಹೆರಿಗೆಯ ಭಾಗ ಬರಲಿಲ್ಲ. ಅದೃಷ್ಟಕ್ಕೆ ಆಕಳು ತಾನೇ ಈದಿತು. ಮರುದಿನ ಎಲ್ಲ ಭಾಗಗಳನ್ನೂ ತಿರುಗಿ ಟ್ಯಾಬಿನೊಳಗೇ ಇಟ್ಟೆವು. ತೆರೆಯುವುದನ್ನು ತಡಮಾಡಬಹುದು, ಹತ್ತಿರ ಇಟ್ಟುಕೊಳ್ಳುವುದನ್ನಲ್ಲ.

ಇಷ್ಟು ಹೊತ್ತಿಗೆ ಸುಜಾತಾ ನಮ್ಮಲ್ಲಿಗೆ ಸೇರಿದ್ದಳು. ತಾಳಿಕೋಟೆಯವಳು, ದಿನಾ ಬಸ್ಸಿನಲ್ಲಿ, ಮುದ್ದೇಬಿಹಾಳದಲ್ಲಿ ಗಾಡಿಗಾಗಿ ಹಿಡಿದಿದ್ದ ನಮ್ಮ ಸಣ್ಣ ಕೋಣೆಗೆ ಬಂದು ಅಲ್ಲಿಂದಲೇ ಕೆಲಸ ಮಾಡುತ್ತಿದ್ದಳು. ನನಗಿಂತ ಬಹಳ ಚುರುಕು. ನಾನು ಹೇಗೆ ಹೇಗೋ ಹೆಸರಿಟ್ಟ ಫೈಲುಗಳನ್ನೆಲ್ಲ ಒಂದು ಕ್ರಮಕ್ಕೆ ತಂದಳು. ಎಲ್ಲವೂ ಅವಳ ಕಂಪ್ಯೂಟರಿನಲ್ಲಿ ನಡೆಯಿತು, ನನ್ನ ಕಂಪ್ಯೂಟರಿನಲ್ಲೂ ನಡೆಯಿತು. ಗಾಡಿಗಳಿಗೆ ಹಾಕಿದೆವು. ಆಗ ಮಹಾದೇವಿ ಇಂಡಿಯ ಗಾಡಿಗೆ ವರ್ಗವಾಗಿ ಬಂದಿದ್ದಳು.

ಹಿಂಗಾರಿ ಜೋಳ ಕೊಯ್ದ ಮೇಲೆ ಆ ವರ್ಷ ಅಕಾಲದಲ್ಲಿ ಒಂದು ಮಳೆ ಬಿತ್ತು. ಕೊಯ್ದ ಹೊಲಗಳಲ್ಲಿ ಕೂಳೆ ಹಸಿರಾಗಿ ಚಿಗುರಿತು. ಆ ಎಳೆ ಚಿಗುರು ವಿಷ, ಕುರಿಯವರಿಗೆಲ್ಲ ಗೊತ್ತು. ಹೊರ್ತಿಯ ಬೀರಪ್ಪನಿಗೂ ಗೊತ್ತಿತ್ತು. ಆದರೆ ರಸ್ತೆಯಲ್ಲಿ ಬಂದ ಲಾರಿಯ ಹಾರ್ನಿಗೆ ಹಿಂಡು ಬೆದರಿ, ಬೇಲಿ ದಾಟಿ ಅಂಥ ಹೊಲಕ್ಕೇ ನುಗ್ಗಿತು. ಅವನು ಮತ್ತು ಅವನ ಹೆಂಡತಿ ಮಾಳವ್ವ ಸೇರಿ ಹೊರಗಟ್ಟುವಷ್ಟರಲ್ಲಿ ಕುರಿಗಳು ಬಾಯಿ ಹಾಕಿಬಿಟ್ಟಿದ್ದವು. ನಮ್ಮ ಗಾಡಿ ಅಂದು ಹೊರ್ತಿಯಲ್ಲೇ ಇತ್ತು. ಯಾರೋ ಮೋಟಾರ್ ಸೈಕಲ್ಲಿನಲ್ಲಿ ಬಂದು ಹೇಳಿದರು, ಮಹಾದೇವಿ ಕೂಡಲೇ ಹೋದಳು.

ಮಧ್ಯಾಹ್ನದ ಊಟಕ್ಕೆ ಏಳುವ ಹೊತ್ತಿನಲ್ಲಿ ನನ್ನ ಫೋನು ಬಡಿಯಿತು.

‘ಅಕ್ಕಾರ, ವಿಷದ ಭಾಗ ತೆರಿವಲ್ದು. ಇಲ್ಲಿ ಕುರಿ ಬೀಳಾಕತ್ತಾವ್ರಿ.’

ಏನು ಕಾಣಿಸುತ್ತಿದೆ ಎಂದು ಕೇಳಿದೆ. ಏನೂ ಇಲ್ಲ, ಬಿಳಿ ಪರದೆ ಎಂದಳು. ಆರಿಸಿ ಮತ್ತೆ ಹಚ್ಚಿದ್ದಳು, ಆಗಲೂ ಅಷ್ಟೇ. ಆ ವಿಷಕ್ಕೆ ಎರಡು ಔಷಧಿಗಳನ್ನು ಒಂದರ ಹಿಂದೊಂದು ರಕ್ತನಾಳಕ್ಕೆ ಕೊಡಬೇಕು. ಮೊದಲನೆಯದು ಕಡಿಮೆಯಾದರೆ ಕೆಲಸ ಮಾಡುವುದಿಲ್ಲ, ಹೆಚ್ಚಾದರೆ ಔಷಧಿಯೇ ಕೊಲ್ಲುತ್ತದೆ. ಮಹಾದೇವಿಗೆ ಚಿಕಿತ್ಸೆ ಗೊತ್ತಿತ್ತು. ಆದರೆ ಆ ತಿಂಗಳು ಬಂದ ಬಾಟಲಿಗಳ ಸಾಂದ್ರತೆ ಮೊದಲಿನದಕ್ಕಿಂತ ಬೇರೆ, ಆ ಲೆಕ್ಕವನ್ನು ಪ್ರೋಗ್ರಾಮಿನೊಳಗೆ ಸರಿಪಡಿಸಿದ್ದೆವು. ಅಷ್ಟು ಅವಸರದಲ್ಲಿ ಮನಸ್ಸಿನಲ್ಲೇ ಲೆಕ್ಕ ಹಾಕಿ ಸೂಜಿ ಚುಚ್ಚಲು ಅವಳಿಗೆ ಧೈರ್ಯ ಬರಲಿಲ್ಲ.

ಫೋನು ಇಡಬೇಡ ಎಂದು ಹೇಳಿ ನನ್ನ ಕಂಪ್ಯೂಟರಿನಲ್ಲಿ ಅದೇ ಭಾಗವನ್ನು ತೆರೆದೆ. ಇಲ್ಲಿ ತಟ್ಟನೆ ತೆರೆಯಿತು. ಯಾಕೆ ಎಂದು ಯೋಚಿಸಲು ಆಗ ಸಮಯವಿರಲಿಲ್ಲ. ನನ್ನ ದನಿ ಕೇಳಿ ಕುಲಕರ್ಣಿ ಸಾಹೇಬರು ಒಳಗಿನಿಂದ ಬಂದು ನನ್ನ ಕುರ್ಚಿಯ ಹಿಂದೆ ನಿಂತರು. ಮಹಾದೇವಿ ತೂಕ ಹೇಳುವಳು, ನಾನು ಅದನ್ನು ಒತ್ತುವೆ, ಪರದೆಯ ಮೇಲೆ ಬಂದ ಪ್ರಮಾಣವನ್ನು ಗಟ್ಟಿಯಾಗಿ ಓದುವೆ. ಸಾಹೇಬರು ತಮ್ಮ ತಲೆಯಲ್ಲೇ ತಾಳೆ ನೋಡಿ ಹೌದು ಎನ್ನುವರು. ಮಹಾದೇವಿ ಅದನ್ನು ತಿರುಗಿ ಹೇಳುವಳು, ಆಮೇಲೆ ಅವಳು ಸೂಜಿ ಚುಚ್ಚುವಷ್ಟು ಹೊತ್ತು ಬರೀ ಗಾಳಿಯ ಸದ್ದು. ದೊಡ್ಡ ಕುರಿ, ಟಗರು, ಗಬ್ಬದ ಕುರಿ, ಮರಿ. ದೂರದಲ್ಲಿ ಮಾಳವ್ವ ಒಂದೊಂದನ್ನೂ ಹೆಸರಿಟ್ಟು ಕೂಗುವುದು ಕೇಳುತ್ತಿತ್ತು. ಹಿಂಡಿನಲ್ಲಿ ಕುರಿಗಳಿಗೂ ಹೆಸರಿರುತ್ತದೆಂದು ನನಗೆ ಗೊತ್ತಾದದ್ದು ಆಗಲೇ. ಒಂದು ಹೆಸರನ್ನು ಕರೆಯುತ್ತ ಕರೆಯುತ್ತ ಅವಳು ಸುಮ್ಮನಾದಾಗ ನನ್ನ ಓದು ನಿಂತಿತು. ಸಾಹೇಬರು ನನ್ನ ಭುಜದ ಹತ್ತಿರ ಬಗ್ಗಿ, ‘ಮುಂದಿಂದು ಓದ್ರಿ’ ಎಂದರು.

ಕೊನೆಗೆ ಮಹಾದೇವಿಯ ದನಿ ಸಣ್ಣದಾಗಿ ಬಂತು. ‘ಎದ್ದಾವ್ರಿ ಅಕ್ಕಾರ. ಭಾಳಷ್ಟು ಎದ್ದು ನಿಂತಾವು.’ ಆಮೇಲೆ, ‘ಎಲ್ಲಾ ಅಲ್ಲ’ ಎಂದಳು.

ಅಂದು ಸಂಜೆಯೊಳಗೆ ಕಾರಣ ಸಿಕ್ಕಿತು. ವಿಷಬಾಧೆಯ ಫೈಲಿನ ಹೆಸರಿನ ಮೊದಲ ಇಂಗ್ಲಿಷ್ ಅಕ್ಷರ ಹೊಸ ಕ್ರಮದಲ್ಲಿ ಸಣ್ಣದಾಗಿತ್ತು. ಅದನ್ನು ಕರೆಯುವ ಕಡೆ ದೊಡ್ಡದಾಗಿಯೇ ಉಳಿದಿತ್ತು. ನಮ್ಮ ಕಚೇರಿಯ ಕಂಪ್ಯೂಟರುಗಳಿಗೆ ದೊಡ್ಡಕ್ಷರವೂ ಸಣ್ಣಕ್ಷರವೂ ಒಂದೇ. ಟ್ಯಾಬಿಗೆ ಅವು ಬೇರೆ ಬೇರೆ ಹೆಸರು. ಕನ್ನಡದಲ್ಲಿ ಈ ಭೇದವೇ ಇಲ್ಲ, ಕಣ್ಣು ಅದನ್ನು ಹುಡುಕುವುದೂ ಇಲ್ಲ. ಹಳೆಯ ರೀತಿಯಲ್ಲಿ ಎಲ್ಲ ಭಾಗಗಳೂ ಮೊದಲೇ ಬರುತ್ತಿದ್ದಾಗ ಇಂಥ ತಪ್ಪಾಗಿದ್ದರೆ ಬೆಳಿಗ್ಗೆ ಕಚೇರಿಯ ಬಾಗಿಲಲ್ಲೇ ಪ್ರೋಗ್ರಾಂ ನಿಂತುಹೋಗುತ್ತಿತ್ತು, ನಾವು ಬೈದುಕೊಳ್ಳುತ್ತ ಸರಿಮಾಡುತ್ತಿದ್ದೆವು. ಈಗ ಆ ಭಾಗವನ್ನು ಯಾರೂ ಕರೆಯದ ಕಾರಣ ತಪ್ಪು ಒಳಗೇ ಅಡಗಿತ್ತು. ತಡವಾಗಿ ಬರುವ ಭಾಗ ತನ್ನ ತಪ್ಪನ್ನೂ ತಡವಾಗಿಯೇ ತೋರಿಸುತ್ತದೆ, ಅದೂ ಎಲ್ಲಕ್ಕಿಂತ ಹೆಚ್ಚು ಬೇಕಾದ ಹೊತ್ತಿನಲ್ಲಿ. ಹೊಸಬರು ಈ ಬರಹದಲ್ಲಿ ಮಿಕ್ಕಿದ್ದೆಲ್ಲ ಮರೆತರೂ ಇದೊಂದನ್ನು ಮರೆಯಬಾರದು.

ಮರುದಿನ ಸುಜಾತಾ ಮುದ್ದೇಬಿಹಾಳಕ್ಕೆ ಹೋಗದೆ ನೇರ ಇಂಡಿಗೆ ಬಂದಳು. ರಾತ್ರಿ ಅತ್ತಿದ್ದು ಮುಖದಲ್ಲಿ ಕಾಣುತ್ತಿತ್ತು. ಕೆಲಸ ಬಿಡುತ್ತೇನೆ ಎಂದು ಸಾಹೇಬರಿಗೆ ಹೇಳಿದಳು. ಅವಳು ಬದಲಿಸಿದ್ದನ್ನು ನೋಡಿ ಒಪ್ಪಿದವಳು ನಾನು, ಹೋಗುವುದಾದರೆ ಇಬ್ಬರೂ ಹೋಗಬೇಕು ಎಂದು ನಾನು ಹೇಳಿದೆ. ಸಾಹೇಬರು ಇಬ್ಬರ ಮಾತನ್ನೂ ಕಿವಿಗೆ ಹಾಕಿಕೊಳ್ಳಲಿಲ್ಲ. ತಾವು ಹೊಸದಾಗಿ ಕೆಲಸಕ್ಕೆ ಸೇರಿದಾಗ ತಮ್ಮ ಕೈಯಲ್ಲಿ ಸತ್ತ ಒಂದು ಎತ್ತಿನ ಕಥೆ ಹೇಳಿದರು. ಆಗ ತಮ್ಮ ಮೇಲಿನವರು ಕೆಲಸ ಬಿಡು ಎಂದಿದ್ದರೆ ಆಮೇಲೆ ತಾವು ಬದುಕಿಸಿದ ದನಗಳನ್ನು ಯಾರು ಬದುಕಿಸುತ್ತಿದ್ದರು ಎಂದು ಕೇಳಿದರು. ಆಮೇಲೆ, ಮುಂದೆ ಏನು ಮಾಡುತ್ತೀರಿ ಅದನ್ನು ಹೇಳಿ ಎಂದರು.

ನಾವಿಬ್ಬರೂ ಕೂತು ಒಂದು ಪದ್ಧತಿ ಮಾಡಿದೆವು. ಬೆಳಿಗ್ಗೆ ಗಾಡಿ ಹೊರಡುವ ಮೊದಲು, ಡ್ರೈವರು ಗಾಜು ಒರೆಸುವ ಹೊತ್ತಿನಲ್ಲಿ, ಪ್ರೋಗ್ರಾಂ ತಾನೇ ಪ್ರತಿ ಭಾಗವನ್ನೂ ಒಮ್ಮೆ ಕರೆದು ನೋಡುತ್ತದೆ. ಒಂದು ಬರದಿದ್ದರೂ ಪರದೆ ಕೆಂಪಾಗುತ್ತದೆ, ಗಾಡಿ ಹೊರಡುವುದಿಲ್ಲ. ಜೊತೆಗೆ, ಅವಸರದಲ್ಲಿ ಬೇಕಾಗುವ ವಿಷಬಾಧೆ ಮತ್ತು ಹೆರಿಗೆಯ ಭಾಗಗಳು ಮಾತ್ರ, ಮೊದಲ ಪರದೆ ತೆರೆದ ಮೇಲೆ, ಯಾರೂ ಕರೆಯದಿದ್ದರೂ ಹಿಂದಿನಿಂದ ಸದ್ದಿಲ್ಲದೆ ಬಂದು ಕೂರುತ್ತವೆ. ಇನ್ನು ಮುಂದೆ ಏನನ್ನೇ ಬದಲಿಸಿದರೂ ಗಾಡಿಯ ಟ್ಯಾಬಿನಲ್ಲೇ ಪರೀಕ್ಷೆ ಎಂದೂ ಗೊತ್ತು ಮಾಡಿಕೊಂಡೆವು.

ಸಾಹೇಬರು ಇನ್ನೂ ಒಂದು ಕೆಲಸ ಹೇಳಿದರು. ಬೀರಪ್ಪನ ಹತ್ತಿರ ಹೋಗಿ ಅಂದು ಯಾಕೆ ತಡವಾಯಿತು ಎಂಬುದನ್ನು ಅವನಿಗೆ ತಿಳಿಯುವಂತೆ ಹೇಳಿ ಬರಬೇಕು. ಸುಜಾತಾಳನ್ನು ನಾನೇ ಕೈಹಿಡಿದು ಗಾಡಿ ಹತ್ತಿಸಿದೆ. ಹಿಂಡು ಆಗ ಹೊರ್ತಿಯ ಆಚೆ ಒಂದು ಬೀಳು ಹೊಲದಲ್ಲಿ ಇಳಿದಿತ್ತು. ಬೀರಪ್ಪ ಕಂಬಳಿ ಹಾಸಿ ಕೂರಿಸಿದ. ಸುಜಾತಾ ಒಂದನ್ನೂ ಮುಚ್ಚಿಡದೆ ಹೇಳಿದಳು. ಅವನು ಮಧ್ಯೆ ಬಾಯಿ ಹಾಕದೆ ಕೇಳಿದ. ಮುಗಿದ ಮೇಲೆ ಕುರಿಗಳ ಕಡೆ ನೋಡಿದ.

‘ಸತ್ತು ಹೋದವು ಹೋದವು. ಅವು ನಮ್ಮ ಕೂಸಿನಂಗ ಇದ್ದವು, ಅದನ್ನ ನಾ ಸುಳ್ಳು ಹೇಳೂದಿಲ್ಲ’ ಎಂದ. ಆಮೇಲೆ ಸುಜಾತಾಳ ಕಡೆ ತಿರುಗಿ, ‘ಈಗ ತೆರೀತೈತೇನವ್ವ?’ ಎಂದು ಕೇಳಿದ.

ತೆರೆಯುತ್ತದೆ ಎಂದಳು.

‘ತೋರಸು.’

ಅವಳು ಟ್ಯಾಬು ಹೊರತೆಗೆದು ಒಂದೊಂದೇ ಭಾಗವನ್ನು ತೆರೆದು ತೋರಿಸಿದಳು. ಆಕಳು, ಎಮ್ಮೆ, ಕುರಿ. ವಿಷದ್ದು ಬಂದಾಗ ಬೀರಪ್ಪ ಇನ್ನೊಮ್ಮೆ ಎಂದ. ಆರಿಸಿ ಮತ್ತೆ ತೆರೆದಳು. ಇನ್ನೊಮ್ಮೆ ಎಂದ. ಮತ್ತೆ ತೆರೆಯಿತು. ಆಗ ಅವನು ಸಾಕು ಎಂದು ತಲೆಯಾಡಿಸಿ, ಮಾಳವ್ವನಿಗೆ ರೊಟ್ಟಿ ತರಲು ಹೇಳಿದ. ಮಾಳವ್ವ ನಮ್ಮ ಕಡೆ ತಿರುಗದೆ ರೊಟ್ಟಿ ತಂದಿಟ್ಟಳು. ಅವಳ ಸಿಟ್ಟು ಇನ್ನೂ ಇಳಿದಿರಲಿಲ್ಲ, ಇಳಿಯಬೇಕೆಂದೂ ನಾವು ಬಯಸುವಂತಿರಲಿಲ್ಲ. ಆದರೆ ರೊಟ್ಟಿಯ ಮೇಲೆ ಚಟ್ನಿ ಹಾಕುವಾಗ ಸುಜಾತಾಳಿಗೆ ಇನ್ನೊಂದು ರೊಟ್ಟಿ ಹೆಚ್ಚಿಗೆ ಇಟ್ಟಳು. ಸುಜಾತಾ ಕಣ್ಣೀರು ಒರೆಸಿಕೊಳ್ಳುತ್ತ ಅದನ್ನು ತಿಂದು ಮುಗಿಸಿದಳು. ಕೆಲಸ ಬಿಡುವ ಮಾತು ಮತ್ತೆ ಬರಲಿಲ್ಲ.

ಕುಲಕರ್ಣಿ ಸಾಹೇಬರು ಈಗ ಇಲ್ಲ. ಇರುವಷ್ಟು ದಿನ, ಬೆಳಗಿನ ಪರೀಕ್ಷೆಯ ಹೊತ್ತಿಗೆ ಅಂಗಳಕ್ಕೆ ಬಂದು ನಿಲ್ಲುತ್ತಿದ್ದರು. ನನ್ನನ್ನು ಗಾಡಿ ಹತ್ತಿಸಿದ್ದಕ್ಕೆ, ಆ ಮಧ್ಯಾಹ್ನ ನನ್ನ ಹಿಂದೆ ನಿಂತದ್ದಕ್ಕೆ ಅವರಿಗೆ ನಾನು ಬಾಯಿಬಿಟ್ಟು ಕೃತಜ್ಞತೆ ಹೇಳಲೇ ಇಲ್ಲ. ಹೇಳಲು ಹೋದರೆ ಎದ್ದು ಹೋಗುವ ಮನುಷ್ಯ. ಇಲ್ಲಿ ಹೇಳಿದ್ದೇನೆ.

ನಿವೃತ್ತಿಗೆ ಎರಡು ದಿನ ಉಳಿದಿದ್ದಾಗ ಮಹಾದೇವಿ ನನ್ನನ್ನು ಬಲವಂತವಾಗಿ ಗಾಡಿಯಲ್ಲಿ ಕೂರಿಸಿಕೊಂಡು ಹಳ್ಳಿಗಳಿಗೆ ಕರೆದೊಯ್ದಳು. ಒಂದು ಮನೆಯಲ್ಲಿ ಆಕಳಿಗೆ ಬೇನೆ ಶುರುವಾಗಿ ಬಹಳ ಹೊತ್ತಾಗಿತ್ತು. ಕರುವಿನ ಕಾಲು ಮಡಚಿಕೊಂಡಿತ್ತು. ಮಹಾದೇವಿ ಟ್ಯಾಬಿನ ಮೇಲೆ ಬೆರಳಿಟ್ಟಳು, ಹೆರಿಗೆಯ ಭಾಗ ತೆರೆಯಿತು, ಒಮ್ಮೆ ನೋಡಿ ಬದಿಗಿಟ್ಟು ತೋಳಿನ ಬಟ್ಟೆ ಮೇಲೇರಿಸಿದಳು. ಅದು ತೆರೆದದ್ದನ್ನು ಆ ಹಿತ್ತಲಿನಲ್ಲಿ ನನ್ನ ಹೊರತು ಯಾರೂ ಗಮನಿಸಲಿಲ್ಲ. ಸ್ವಲ್ಪ ಹೊತ್ತಿನಲ್ಲಿ ಕರು ಹೊರಬಂದು ಒದ್ದೆ ಕಿವಿ ಕೊಡವಿತು. ಮನೆಯ ಯಜಮಾನಿ ಸಂತೋಷದಿಂದ ಎಲ್ಲರಿಗೂ ಸಕ್ಕರೆ ಹಂಚಿದಳು. ನೀವು ಯಾರು, ಏನು ಕೆಲಸ ಎಂದು ನನ್ನನ್ನು ಕೇಳಿದಳು. ಮಹಾದೇವಿ ಹೇಳಲು ಬಾಯಿ ತೆರೆದಳು. ನಾನು ಅವಳನ್ನು ತಡೆದು, ಬರೇ ನೋಡಾಕ ಬಂದೇನ್ರಿ ಎಂದೆ. ಹಾಗಾದರೆ ಮನೆ ಎಲ್ಲಿ ಎಂದು ಕೇಳಿದಳು. ಹೇಳಿದೆ.

ನಿವೃತ್ತಿಯ ಮರುದಿನ ಬೆಳಿಗ್ಗೆ ಏನು ಮಾಡಬೇಕೆಂದು ತಿಳಿಯದೆ ಪಡಸಾಲೆಯಲ್ಲಿ ಕೂತಿದ್ದೆ. ಗಾಡಿಯ ಡ್ರೈವರು ಬಂದು ಒಂದು ಸ್ಟೀಲಿನ ಡಬ್ಬಿ ಕೊಟ್ಟು, ಆ ಕರುವಿನ ಮನೆಯವರು ಕಳಿಸಿದ್ದಾರೆ ಎಂದು ಹೇಳಿ, ಗಾಡಿ ಹೊರಡುವ ಹೊತ್ತಾಯಿತೆಂದು ನಿಲ್ಲದೆ ಹೋದ. ಮುಚ್ಚಳ ತೆಗೆದೆ. ಈದ ಆಕಳ ಮೊದಲ ಹಾಲಿಗೆ ಬೆಲ್ಲ, ಯಾಲಕ್ಕಿ ಹಾಕಿ ಕಾಸಿದ ಗಿಣ್ಣ, ಇನ್ನೂ ಬೆಚ್ಚಗಿತ್ತು. ಎದ್ದು ಚಮಚ ತಂದುಕೊಂಡು, ಯಾವ ಅವಸರವೂ ಇಲ್ಲದೆ, ಅಷ್ಟನ್ನೂ ತಿಂದೆ.